ದಾನಕ್ಕಿಂತ ಪಾಲನೆ ಮಿಗಿಲು: ಶಾಸನಶಿಲೆಯ ಸಂರಕ್ಷಣೆಯಲ್ಲಿ ಸಂಶೋಧನ ವಿದ್ಯಾರ್ಥಿಯ ಹೊಣೆ (ಗೋಪನಕೊಪ್ಪ ಪರಿಸರವನ್ನು ಅನುಲಕ್ಷಿಸಿ)

ಕನ್ನಡ ನಾಡಿನ ದಾನಶಾಸನಗಳು ಸಾಮಾನ್ಯವಾಗಿ ಶಾಪಾಶಯದ ಶ್ಲೋಕಗಳೊಂದಿಗೆ ಮುಗಿಯುತ್ತವೆ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಮಾತು ಶಾಸನಾಭ್ಯಾಸಿಗಳಿಗೆಲ್ಲ ಪರಿಚಿತವಾದುದು. ಅದರ ಜೊತೆಯಲ್ಲಿಯೇ ಅನೇಕ ಶಾಸನಗಳಲ್ಲಿ ಇನ್ನೊಂದು ಆಶಯ ಕಾಣಿಸಿಕೊಳ್ಳುತ್ತದೆ. ದಾನ ಮಾಡುವುದು ಮತ್ತು ಮಾಡಿದ ದಾನವನ್ನು ಕಾಯುವುದು ಇವೆರಡರಲ್ಲಿ ಕಾಯುವುದೇ ಹೆಚ್ಚಿನದು ಎಂಬುದು ಅದರ ತಾತ್ಪರ್ಯ. ಕೊಡುವವನು ಒಬ್ಬ, ಒಮ್ಮೆ ಕೊಡುತ್ತಾನೆ. ಕಾಯುವವರು ತಲೆಮಾರುಗಳ ಕಾಲ ಕಾಯಬೇಕಾಗುತ್ತದೆ. ಹೀಗೆ ಮುಂದಿನವರನ್ನು ಉದ್ದೇಶಿಸಿಯೇ ಶಾಸನವೆಂಬ ಬರಹಪ್ರಕಾರ ಹುಟ್ಟಿದೆ. ಆ ಮುಂದಿನವರಲ್ಲಿ ಇಂದಿನ ಸಂಶೋಧನ ವಿದ್ಯಾರ್ಥಿಯೂ ಒಬ್ಬ.

ಕನ್ನಡ ಸಂಶೋಧನೆ ಶಾಸನಗಳ ಪಾಠವನ್ನು ಶ್ರದ್ಧೆಯಿಂದ ಉಳಿಸಿಕೊಂಡಿದೆ. ಆದರೆ ಆ ಪಾಠವನ್ನು ಹೊತ್ತ ಕಲ್ಲಿನ ಹೊಣೆಯನ್ನು ಅದು ಬಹುಮಟ್ಟಿಗೆ ಬೇರೆಯವರಿಗೆ ಬಿಟ್ಟಿದೆ. ಈ ವಿಭಜನೆ ಸರಿಯೆ? ಪದವಿಗಾಗಿ ಕ್ಷೇತ್ರಕಾರ್ಯಕ್ಕೆ ಇಳಿಯುವ, ಪ್ರಾಚೀನ ಅವಶೇಷಗಳ ಬಗೆಗೆ ಪ್ರೀತಿಯುಳ್ಳ ವಿದ್ಯಾರ್ಥಿಯ ಬದುಕಿನಲ್ಲಿ ಸಂರಕ್ಷಣೆಗೆ ಯಾವ ಸ್ಥಾನವಿದೆ? ಈ ಪ್ರಶ್ನೆಗಳನ್ನು ಹುಬ್ಬಳ್ಳಿ ನಗರದೊಳಗೆ ಸೇರಿಹೋಗಿರುವ ಗೋಪನಕೊಪ್ಪದಂತಹ ಊರಿನ ಪರಿಸರದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರತಿ ಮಾಡುವ ಪರಂಪರೆ

ಧಾರವಾಡ ಪ್ರದೇಶದಲ್ಲಿ ಶಾಸನ ಸಂಗ್ರಹದ ಇತಿಹಾಸ ಸುಮಾರು ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಕಂಪನಿ ಸರಕಾರದ ಅಧಿಕಾರಿಯಾಗಿ ಇಲ್ಲಿದ್ದ ವಾಲ್ಟರ್ ಎಲಿಯಟ್ ಐದುನೂರಕ್ಕೂ ಹೆಚ್ಚು ಶಾಸನಗಳ ಪ್ರತಿಗಳನ್ನು ಬರೆಸಿದನು. ಮುಂದೆ ಜೆ.ಎಫ್. ಫ್ಲೀಟ್ ಈ ಭಾಗದ ಶಾಸನಗಳನ್ನು ಓದಿ, ಅವುಗಳ ಆಧಾರದ ಮೇಲೆ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ರಚಿಸಿದನು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಪ್ರಕಟವಾದ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಇವು ಈ ವಿದ್ವತ್ತಿಗೆ ನಾಡಭಾವನೆಯ ಬಲವನ್ನು ಕೊಟ್ಟವು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿ, ಆರ್.ಎಸ್. ಪಂಚಮುಖಿಯವರ ನೇತೃತ್ವದಲ್ಲಿ ಶಾಸನ ಸಂಪುಟಗಳ ಪ್ರಕಟಣೆಯನ್ನೂ ವಸ್ತುಸಂಗ್ರಹಾಲಯದ ಕಾರ್ಯವನ್ನೂ ಕೈಗೊಂಡಿತು. ದಕ್ಷಿಣ ಭಾರತೀಯ ಶಾಸನ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳು ಮುಂಬಯಿ ಕರ್ನಾಟಕದ ಶಾಸನಗಳಿಗೇ ಮೀಸಲಾದವು. ಎಂ.ಎಂ. ಕಲಬುರ್ಗಿಯವರ ಧಾರವಾಡ ಜಿಲ್ಲೆಯ ಶಾಸನಸೂಚಿ ಈ ಚದುರಿದ ಸಾಮಗ್ರಿಯನ್ನು ಅಭ್ಯಾಸಿಯ ಕೈಗೆಟುಕುವಂತೆ ಮಾಡಿತು.

ಈ ಪರಂಪರೆಯ ಮುಖ್ಯ ಕಾಳಜಿ ಪಾಠವಾಗಿದ್ದುದು ಸಹಜವೇ ಆಗಿದೆ. ಸಾವಿರಾರು ಶಾಸನಗಳು ಓದಿಲ್ಲದೆ ಬಿದ್ದಿದ್ದಾಗ ಮೊದಲು ಓದುವುದೇ ರಕ್ಷಣೆಯಾಗಿತ್ತು. ಆದರೆ ಅದರ ಒಂದು ಪರಿಣಾಮವನ್ನು ಗುರುತಿಸಬೇಕು. ಸಂಪುಟಗಳಲ್ಲಿ ಶಾಸನದ ನೆಲೆಯನ್ನು ಸೂಚಿಸುವ ರೀತಿ ಸಾಮಾನ್ಯವಾಗಿ ಇಂತಹುದು: ಹನುಮಂತದೇವರ ಗುಡಿಯ ಮುಂದೆ ನಿಲ್ಲಿಸಿದ ಕಲ್ಲು, ಚಾವಡಿಯ ಹತ್ತಿರ ಬಿದ್ದ ಕಲ್ಲು, ಕೆರೆಯ ಏರಿಯ ಮೇಲಿನ ಕಲ್ಲು. ಒಂದು ಗುರುತನ್ನು ಇನ್ನೊಂದು ಗುರುತಿನಿಂದ ಹೇಳುವ ಈ ಪದ್ಧತಿ ಊರು ಇದ್ದಂತೆಯೇ ಇರುವವರೆಗೆ ಮಾತ್ರ ಉಪಯುಕ್ತ. ಚಾವಡಿ ಬಿದ್ದು ವಾಣಿಜ್ಯ ಮಳಿಗೆ ಬಂದಾಗ, ಗುಡಿ ಜೀರ್ಣೋದ್ಧಾರಗೊಂಡು ಬೇರೆ ದಿಕ್ಕಿಗೆ ಬಾಗಿಲು ತೆರೆದಾಗ, ಕೆರೆ ಬಡಾವಣೆಯಾದಾಗ ಸಂಪುಟದ ವಾಕ್ಯ ಉಳಿಯುತ್ತದೆ. ಅದು ಬೆರಳು ಮಾಡಿ ತೋರಿಸುತ್ತಿದ್ದ ಸ್ಥಳ ಉಳಿಯುವುದಿಲ್ಲ.

ಗೋಪನಕೊಪ್ಪ: ನಗರದೊಳಗಿನ ಊರು

ಗೋಪನಕೊಪ್ಪ ಎಂಬ ಹೆಸರೇ ಒಂದು ದಾಖಲೆ. 'ಕೊಪ್ಪ' ಎಂಬ ಉತ್ತರಪದ ಚಿಕ್ಕ ವಸತಿಯನ್ನು, ಹಳ್ಳಿಯನ್ನು ಸೂಚಿಸುತ್ತದೆ. ಹುಬ್ಬಳ್ಳಿಯ ಪರಿಸರದಲ್ಲಿಯೇ ಇರುವ ಭೈರಿದೇವರಕೊಪ್ಪವೂ ಇದೇ ಬಗೆಯ ಹೆಸರು. ಪೂರ್ವಪದವಾದ 'ಗೋಪನ' ಎಂಬುದನ್ನು ಷಷ್ಠೀ ವಿಭಕ್ತಿಯ ರೂಪವೆಂದು ಗ್ರಹಿಸಿದರೆ ಗೋಪ ಎಂಬ ವ್ಯಕ್ತಿಯ ಹೆಸರು ಅಥವಾ ದನಗಾಹಿ ಎಂಬ ಅರ್ಥ ಎರಡಕ್ಕೂ ಅವಕಾಶವಿದೆ. ಎರಡರಲ್ಲಿ ಒಂದನ್ನು ಆರಿಸಲು ಭಾಷಾಶಾಸ್ತ್ರವೊಂದೇ ಸಾಲದು. ಊರಿನ ಹಳೆಯ ರೂಪವನ್ನು ಹೇಳುವ ಬರಹ ಬೇಕು. ಅಂತಹ ಬರಹ ಸಿಗಬಹುದಾದ ಸ್ಥಳಗಳೆಂದರೆ ಹಳೆಯ ಗುಡಿಯ ಗೋಡೆ, ಬಾವಿಯ ಕಟ್ಟೆ, ಹೊಲದ ಬದುವಿನ ಕಲ್ಲು. ಸ್ಥಳನಾಮ ಸಂಶೋಧನೆಗೂ ಸ್ಥಳದ ಸಂರಕ್ಷಣೆಗೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಭಾಗದ ಹಳ್ಳಿಯ ವಿನ್ಯಾಸದಲ್ಲಿ ಅಗಸಿ, ಚಾವಡಿ, ಹನುಮಪ್ಪನ ಗುಡಿ, ದ್ಯಾಮವ್ವನ ಗುಡಿ, ಕೆರೆ ಅಥವಾ ಬಾವಿ ಇವು ಮುಖ್ಯ ಅಂಗಗಳು. ವೀರಗಲ್ಲು, ಮಾಸ್ತಿಗಲ್ಲು, ದಾನಶಾಸನಗಳು ಬಹುಮಟ್ಟಿಗೆ ಇವುಗಳ ಸುತ್ತಲೇ ಸಿಗುತ್ತವೆ. ನಗರ ಇಂತಹ ಊರನ್ನು ಒಳಗೊಳ್ಳುವಾಗ ಹೊಲಗಳು ಮೊದಲು ನಿವೇಶನಗಳಾಗುತ್ತವೆ. ಆಗ ಬದುವಿನ ಕಲ್ಲುಗಳು ಕಾಣೆಯಾಗುತ್ತವೆ. ಆಮೇಲೆ ರಸ್ತೆ ಅಗಲವಾಗುತ್ತದೆ; ಅಗಸಿಯ ಕಲ್ಲುಗಳು ಸರಿಯುತ್ತವೆ. ಕೊನೆಗೆ ಊರಿನ ಒಳಗಿನ ಓಣಿಗಳಿಗೆ ಕಾಂಕ್ರೀಟು ಬೀಳುತ್ತದೆ. ಪದರದ ಮೇಲೆ ಪದರ ಹಾಕಿ ರಸ್ತೆಯ ಮಟ್ಟ ಏರಿದಂತೆ ನಿಂತ ಕಲ್ಲು ಕೆಳಗಿನಿಂದ ಹೂತುಹೋಗುತ್ತದೆ. ಮೂರು ಹಂತದ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ಹಂತ ಹೋರಾಟವನ್ನು, ನಡುವಿನದು ಅಪ್ಸರೆಯರು ವೀರನನ್ನು ಕರೆದೊಯ್ಯುವುದನ್ನು, ಮೇಲಿನದು ದೇವರ ಸನ್ನಿಧಿಯನ್ನು ಚಿತ್ರಿಸುತ್ತವೆ. ಕೆಳಹಂತ ಹೂತರೆ ಸ್ವರ್ಗ ಉಳಿಯುತ್ತದೆ. ವೀರನು ತುರುಗಳಿಗಾಗಿ ಸತ್ತನೋ, ಊರಿಗಾಗಿ ಸತ್ತನೋ ಎಂಬುದು ಮಾತ್ರ ತಿಳಿಯದಾಗುತ್ತದೆ.

ಹುಬ್ಬಳ್ಳಿ ಹೀಗೆ ನುಂಗಿಕೊಂಡ ಊರುಗಳಲ್ಲಿ ಉಣಕಲ್ ಪ್ರಸಿದ್ಧವಾದುದು. ಅಲ್ಲಿಯ ಚಂದ್ರಮೌಳೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಉತ್ತಮ ನಿದರ್ಶನ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಅದರ ವಿನ್ಯಾಸ ವಿರಳವಾದುದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಈ ಗುಡಿಯ ಸುತ್ತ ಮನೆಗಳು ಒತ್ತಾಗಿ ನಿಂತಿವೆ. ಆ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದವರೂ ಇದ್ದಾರೆ. ಗುಡಿಗೆ ಬೇಕಾದ ತೆರವು ಮತ್ತು ಜನರಿಗೆ ಬೇಕಾದ ನೆಲೆ ಇವುಗಳ ನಡುವಿನ ಇಕ್ಕಟ್ಟು ಅಲ್ಲಿ ಕಣ್ಣಿಗೆ ಕಾಣುತ್ತದೆ. ರಕ್ಷಿತ ಸ್ಮಾರಕದ ಸ್ಥಿತಿಯೇ ಹೀಗಿರುವಾಗ, ಯಾವ ಪಟ್ಟಿಯಲ್ಲಿಯೂ ಇಲ್ಲದ ಕಲ್ಲುಗಳುಳ್ಳ ಊರುಗಳ ಸ್ಥಿತಿಯನ್ನು ಊಹಿಸಬಹುದು.

ಕಲ್ಲೇ ಆಕರ

ಪಾಠ ಅಚ್ಚಾದ ಮೇಲೆ ಕಲ್ಲು ಇದ್ದರೇನು, ಹೋದರೇನು ಎಂಬ ಪ್ರಶ್ನೆಗೆ ಸಾಹಿತ್ಯಚರಿತ್ರೆಯೇ ಉತ್ತರ ಕೊಡುತ್ತದೆ. ಪಂಪನ ತಮ್ಮ ಜಿನವಲ್ಲಭನು ಬರೆಸಿದ ಕುರಿಕ್ಯಾಲ ಶಾಸನ ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಬೊಮ್ಮಲಗುಟ್ಟದ ಬಂಡೆಯ ಮೇಲಿದೆ. ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿರುವ ಈ ಶಾಸನದಿಂದಲೇ ಪಂಪನ ತಾಯಿ ಅಬ್ಬಣಬ್ಬೆಯೆಂದೂ ಆಕೆ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳೆಂದೂ ತಿಳಿದುಬಂದಿತು. ಆದಿಕವಿಗೂ ಧಾರವಾಡ ಜಿಲ್ಲೆಯ ಅಣ್ಣಿಗೇರಿಗೂ ಇರುವ ನಂಟಿಗೆ ಆಧಾರವಾದುದು ನೂರಾರು ಮೈಲಿ ದೂರದ ಆ ಬಂಡೆ. ಅದೇ ಗುಡ್ಡದ ಸುತ್ತ ಗ್ರಾನೈಟ್ ಗಣಿಗಾರಿಕೆಯ ಅಪಾಯ ಎದುರಾಗಿತ್ತು. ಬಂಡೆ ಒಡೆದು ಜಲ್ಲಿಯಾಗಿದ್ದರೆ ಕನ್ನಡ ಸಾಹಿತ್ಯಚರಿತ್ರೆಯ ಒಂದು ಪುಟದ ಮೂಲಪ್ರತಿಯೇ ಹೋಗುತ್ತಿತ್ತು.

ಎರಡನೆಯದಾಗಿ, ಓದು ಎಂದಿಗೂ ಮುಗಿದ ಕೆಲಸವಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನದ ಪಾಠ, ಕಾಲಗಳ ಬಗೆಗೆ ಅಂದಿನಿಂದ ಚರ್ಚೆ ನಡೆಯುತ್ತಲೇ ಬಂದಿದೆ. ಒಂದು ಅಕ್ಷರದ ಓದು ಬದಲಾದರೆ ಒಂದು ಪದದ ರೂಪ ಬದಲಾಗುತ್ತದೆ. ಪದದ ರೂಪ ಬದಲಾದರೆ ಪೂರ್ವದ ಹಳಗನ್ನಡದ ವ್ಯಾಕರಣದ ಒಂದು ಸೂತ್ರ ಅಲುಗುತ್ತದೆ. ಇಂತಹ ಚರ್ಚೆಯಲ್ಲಿ ಕೊನೆಯ ಸಾಕ್ಷಿ ಕಲ್ಲು. ಪಡಿಯಚ್ಚು ಅದರ ಸನಿಹದ ಸಾಕ್ಷಿ. ಮುದ್ರಿತ ಪಾಠ ಮೂರನೆಯದು.

ಮೂರನೆಯದಾಗಿ, ನೆಲೆಯೂ ಅರ್ಥದ ಭಾಗ. ಹಲ್ಮಿಡಿಯ ಮೂಲಶಿಲೆ ಮೈಸೂರಿಗೆ ಸಾಗಿತು. ಊರಿನಲ್ಲಿ ಅದರ ಪ್ರತಿಕೃತಿ ನಿಂತಿದೆ. ಕಾಳಿ ಎಂಬ ನಾಯಿಯ ನೆನಪನ್ನು ಹೊತ್ತ ಆತಕೂರು ಶಾಸನ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಸ್ತುಸಂಗ್ರಹಾಲಯ ಕಲ್ಲನ್ನು ಉಳಿಸಿತು ಎಂಬುದು ನಿಜ. ಆದರೆ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ತನ್ನ ನೆಲೆಯಲ್ಲಿಯೇ ಇರುವ ಕಪ್ಪೆ ಅರಭಟ್ಟನ ಶಾಸನದ ಮುಂದೆ ನಿಂತವನಿಗೆ ಕೆರೆ, ಕೋಟೆ, ಬೆಟ್ಟಗಳ ನಡುವೆ ದೊರೆಯುವ ತಿಳಿವಳಿಕೆ ಬೇರೆಯೇ ತೆರನಾದುದು.

ಸಂಶೋಧನ ವಿದ್ಯಾರ್ಥಿಯ ಬದುಕು

ಕಲ್ಲಿನ ಮಹತ್ತ್ವ ಇಷ್ಟಿದ್ದರೂ ಅದರ ಬಳಿಗೆ ಹೋಗುವ ವಿದ್ಯಾರ್ಥಿಯ ಪರಿಸ್ಥಿತಿ ಚರ್ಚೆಗೆ ಬರುವುದು ಕಡಿಮೆ. ಗೋಪನಕೊಪ್ಪದಂತಹ ಭಾಗದಲ್ಲಿ ಬಾಡಿಗೆಯ ಕೋಣೆ ಹಿಡಿದು, ಚಿಗರಿ ಬಸ್ಸಿನಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಧಾರವಾಡಕ್ಕೆ ಹೋಗಿಬರುವ ಸಂಶೋಧನ ವಿದ್ಯಾರ್ಥಿಯನ್ನು ಒಂದು ಮಾದರಿಯಾಗಿ ಭಾವಿಸಬಹುದು. ವಾರದ ದಿನಗಳು ಗ್ರಂಥಾಲಯಕ್ಕೆ, ಅತಿಥಿ ಉಪನ್ಯಾಸಕ್ಕೆ, ಕೋರ್ಸ್‌ವರ್ಕಿಗೆ ಸಲ್ಲುತ್ತವೆ. ಕ್ಷೇತ್ರಕಾರ್ಯಕ್ಕೆ ಉಳಿಯುವುದು ರವಿವಾರ. ಅಂದು ಸಂಪುಟದ ಪುಟಗಳ ನೆರಳಚ್ಚನ್ನು ಕೈಯಲ್ಲಿ ಹಿಡಿದು ಊರಿಗೆ ಹೋದವನು ಮೊದಲು ಕೇಳಬೇಕಾದುದು ಶಾಸನವನ್ನಲ್ಲ; 'ಬರದ ಕಲ್ಲು' ಎಲ್ಲಿದೆ ಎಂದು. ಊರಿನ ಹಿರಿಯರು ಆ ಮಾತನ್ನು ಬಲ್ಲರು.

ಉತ್ತರದ ಜೊತೆಗೆ ಅನುಮಾನವೂ ಬರುತ್ತದೆ. ಹಳೆಯ ಕಲ್ಲಿನ ಕೆಳಗೆ ನಿಧಿ ಇದೆಯೆಂಬ ನಂಬಿಕೆ ನಾಡಿನಾದ್ಯಂತ ಎಷ್ಟೋ ಸ್ಮಾರಕಗಳನ್ನು ಕೆಡಿಸಿದೆ. ಕಲ್ಲನ್ನು ಹುಡುಕಿಕೊಂಡು ಬಂದ ಅಪರಿಚಿತನನ್ನು ಊರವರು ನಿಧಿಗಳ್ಳನೆಂದು ಶಂಕಿಸಿದರೆ ಅದು ಅವರ ತಪ್ಪಲ್ಲ. ಆ ಶಂಕೆ ಕರಗಲು ಒಂದು ರವಿವಾರ ಸಾಲದು. ಕಟ್ಟೆಯ ಮೇಲೆ ಕುಳಿತು, ಕಲ್ಲಿನ ಸಾಲನ್ನು ಓದಿ ಅರ್ಥ ಹೇಳಿದಾಗ, ತಮ್ಮ ಊರಿನ ಹೆಸರು ಎಂಟುನೂರೋ ಸಾವಿರವೋ ವರ್ಷದ ಹಿಂದಿನ ಬರಹದಲ್ಲಿದೆ ಎಂದು ಕೇಳಿದಾಗ ಅವರ ಮುಖದ ಭಾವ ಬದಲಾಗುತ್ತದೆ. ಸಂರಕ್ಷಣೆಯ ಮೊದಲ ಹೆಜ್ಜೆ ನಡೆಯುವುದು ಅಲ್ಲಿಯೇ.

ಪಡಿಯಚ್ಚು ತೆಗೆಯುವ ಕೆಲಸವೂ ತಾಳ್ಮೆಯನ್ನು ಬೇಡುತ್ತದೆ. ಕಲ್ಲನ್ನು ನೀರಿನಿಂದ, ಮೃದುವಾದ ಬ್ರಷ್ಷಿನಿಂದ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಮೇಲೆ ಹಾಸಿ, ಅಕ್ಷರದ ತಗ್ಗಿನೊಳಗೆ ಅದು ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಆಮೇಲೆ ಬಟ್ಟೆಯ ಉಂಡೆಯಿಂದ ಮಸಿಯನ್ನು ಸವರಿದಾಗ ಮೇಲ್ಮೈ ಕಪ್ಪಾಗಿ, ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಅವಸರದಲ್ಲಿ ತಂತಿಯ ಬ್ರಷ್ಷನ್ನೋ ಆಮ್ಲವನ್ನೋ ಬಳಸಿದರೆ ಓದಲು ಬಂದವನೇ ಅಕ್ಷರವನ್ನು ಅಳಿಸಿದಂತಾಗುತ್ತದೆ. ಧಾರವಾಡ ಭಾಗದಲ್ಲಿ ಚಾಲುಕ್ಯರ ಕಾಲದಲ್ಲಿ ಹೇರಳವಾಗಿ ಬಳಕೆಯಾದ ಬಳಪದ ಕಲ್ಲು ಮೃದುವಾದುದರಿಂದ ಈ ಎಚ್ಚರ ಇನ್ನೂ ಅಗತ್ಯ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಕಣ್ಣಿನಿಂದಲೇ ಓದುವುದು ಎಷ್ಟೋ ವೇಳೆ ಸಾಕಾಗುತ್ತದೆ.

ಈ ಎಲ್ಲ ಶ್ರಮ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿಯಾಗಿ ಮಾತ್ರ ಉಳಿಯುತ್ತದೆ. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳ ಅವಧಿಯಿದೆ. ಕಲ್ಲು ಕಾಣೆಯಾಗಿದೆ ಎಂದು ತಿಳಿಸುವ ಅರ್ಜಿ, ಅದಕ್ಕಾಗಿ ಕಚೇರಿಗೆ ಅಲೆದ ದಿನಗಳು, ಜೀರ್ಣೋದ್ಧಾರ ಸಮಿತಿಯವರ ಮನವೊಲಿಸಿದ ಸಂಜೆಗಳು ಯಾವ ಪ್ರಗತಿವರದಿಯಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಅದೇ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಒಂದು ಊರಿನ, ಒಂದು ಹೋಬಳಿಯ ಸಾಂಸ್ಕೃತಿಕ ಅಧ್ಯಯನ ಎಂಬ ಬಗೆಯ ಕಿರುಪ್ರಬಂಧಗಳಿಗೆ ಆ ಪದವಿ ಸಹಜವಾದ ನೆಲೆಯಾಗಿತ್ತು. ಅವುಗಳಲ್ಲಿ ಪುನರಾವರ್ತನೆ ಇತ್ತು ಎಂಬ ಟೀಕೆಯನ್ನು ಒಪ್ಪಿದರೂ, ಆಯಾ ವರ್ಷ ಆಯಾ ಊರಿನಲ್ಲಿ ಯಾವ ಕಲ್ಲು ಎಲ್ಲಿತ್ತು ಎಂಬುದಕ್ಕೆ ಎಷ್ಟೋ ಕಡೆ ಅವೇ ಕೊನೆಯ ಸಾಕ್ಷಿಗಳಾಗಿವೆ. ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ ಮುಗಿಸಬಹುದಾದ ಊರಿನ ಅಧ್ಯಯನಕ್ಕೆ ಈಗ ಪದವಿಯ ಚೌಕಟ್ಟು ಇಲ್ಲದಂತಾಗಿದೆ.

ಕಾನೂನು ಮತ್ತು ಊರು

1958ರ ಕೇಂದ್ರ ಕಾಯಿದೆ ಪ್ರಾಚೀನ ಸ್ಮಾರಕದ ವ್ಯಾಖ್ಯೆಯಲ್ಲಿ ಶಾಸನವನ್ನೂ ಹೆಸರಿಸುತ್ತದೆ. ನೂರು ವರ್ಷಗಳ ಪ್ರಾಚೀನತೆಯನ್ನು ಅಪೇಕ್ಷಿಸುತ್ತದೆ. 2010ರ ತಿದ್ದುಪಡಿ ರಕ್ಷಿತ ಸ್ಮಾರಕದಿಂದ 100 ಮೀಟರಿನವರೆಗೆ ನಿಷೇಧಿತ ಪ್ರದೇಶವನ್ನೂ ಅದರಾಚೆ 200 ಮೀಟರಿನವರೆಗೆ ನಿಯಂತ್ರಿತ ಪ್ರದೇಶವನ್ನೂ ಗೊತ್ತುಪಡಿಸಿತು. ರಾಜ್ಯದಲ್ಲಿ 1961ರ ಕಾಯಿದೆಯಿದೆ. ಆದರೆ ಈ ರಕ್ಷಣೆ ಅನ್ವಯವಾಗುವುದು ಘೋಷಿತ ಸ್ಮಾರಕಗಳಿಗೆ. ಘೋಷಣೆಯೇ ಸಂಪೂರ್ಣ ಭದ್ರತೆಯಲ್ಲ ಎಂಬುದನ್ನೂ ನೆನೆಯಬೇಕು: ಮಹಾಲೇಖಪಾಲರ 2013ರ ವರದಿಗಾಗಿ ದೇಶದ 1,655 ಸ್ಮಾರಕಗಳನ್ನು ಪರಿಶೀಲಿಸಿದಾಗ 92 ಸ್ಮಾರಕಗಳು ಪತ್ತೆಯಾಗಿರಲಿಲ್ಲ. ಓಣಿಯ ಮೂಲೆಯ ವೀರಗಲ್ಲಿಗೆ ನೂರು ಮೀಟರ್ ತೆರವನ್ನು ಅಪೇಕ್ಷಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಅದಕ್ಕೆ ಬೇಕಾದುದು ಒಂದು ಕಟ್ಟೆ, ಒಂದು ನೆರಳು, ಅದನ್ನು ಬಲ್ಲ ನಾಲ್ಕು ಜನ.

ಊರವರಿಗೆ ಕಲ್ಲಿನ ಮೇಲೆ ಹಕ್ಕಿದೆ ಎಂಬುದನ್ನು ವಿದ್ಯಾರ್ಥಿ ಮರೆಯಬಾರದು. ವೀರಗಲ್ಲಿಗೆ ಎಣ್ಣೆ ಎರೆದು, ಕುಂಕುಮ ಹಚ್ಚಿ, ಅದನ್ನು ದೇವರೆಂದು ಪೂಜಿಸಿದ್ದರಿಂದಲೇ ಎಷ್ಟೋ ಕಲ್ಲುಗಳು ಇಂದಿಗೂ ನಿಂತಿವೆ. ಅದೇ ಭಕ್ತಿ ಎಣ್ಣೆಬಣ್ಣವಾಗಿ, ಸಿಮೆಂಟಾಗಿ, ಹೊಳೆಯುವ ಹಂಚುಕಲ್ಲಾಗಿ ಮಾರ್ಪಟ್ಟಾಗ ಅಕ್ಷರ ಮುಚ್ಚಿಹೋಗುತ್ತದೆ. ಇದನ್ನು ಅಜ್ಞಾನವೆಂದು ಹಳಿಯುವುದರಿಂದ ಪ್ರಯೋಜನವಿಲ್ಲ. ಬಣ್ಣ ಹಚ್ಚುವವನೂ ಕಲ್ಲನ್ನು ಕಾಯುವ ಉದ್ದೇಶದಿಂದಲೇ ಹಚ್ಚುತ್ತಾನೆ. ಅವನ ಪಾಲನೆಯ ಬುದ್ಧಿಗೆ ವಿದ್ವತ್ತಿನ ತಿಳಿವಳಿಕೆಯನ್ನು ಜೋಡಿಸುವುದು ವಿದ್ಯಾರ್ಥಿಯಿಂದ ಆಗಬೇಕಾದ ಕೆಲಸ.

ಕೆಲವು ಮಾದರಿಗಳು

ಇದು ಅಸಾಧ್ಯವಾದ ಅಪೇಕ್ಷೆಯಲ್ಲ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಡಾಕ್ಟರೇಟ್ ಪದವಿಗಾಗಿ ಸಿದ್ಧವಾಗಿ 1966ರಲ್ಲಿ ಪ್ರಕಟವಾದ ಗ್ರಂಥ. ಶಾಸನಗಳ ಪಾಠದಿಂದ ಸಂಸ್ಕೃತಿಯನ್ನು ಕಟ್ಟಿಕೊಟ್ಟ ಆ ವಿದ್ವಾಂಸರು ಮುಂದೆ ಹಂಪಿಯ ಸ್ಮಾರಕಗಳ ರಕ್ಷಣೆಗಾಗಿ ಹೋರಾಟಕ್ಕಿಳಿದರು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಓದು ಮತ್ತು ಪಾಲನೆ ಒಬ್ಬನೇ ವಿದ್ವಾಂಸನಲ್ಲಿ ಕೂಡಬಲ್ಲವು ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಗೋಪನಕೊಪ್ಪಕ್ಕೆ ಹೆಚ್ಚು ಹತ್ತಿರದ ಹೋಲಿಕೆ ಬೆಂಗಳೂರಿನ ಹೆಬ್ಬಾಳ. ಅದೂ ನಗರ ನುಂಗಿದ ಊರು. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಅಲ್ಲಿ ಬೆಳಕಿಗೆ ಬಂದಿತು. ನಾಗರಿಕರ ಆಸಕ್ತಿಯಿಂದ ಅದಕ್ಕೆ ಊರಿನಲ್ಲಿಯೇ ಒಂದು ಮಂಟಪ ದೊರೆಯಿತು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಪರಿಸರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವನ್ನು ಕೈಗೊಂಡಿತು. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 2024ರ ನವೆಂಬರಿನಲ್ಲಿ ಊರಿನ ಮನೆ, ಓಣಿಗಳಲ್ಲಿ ಚದುರಿದ್ದ ಅವಶೇಷಗಳನ್ನು ಜನರ ನೆರವಿನಿಂದ ಸಂಗ್ರಹಿಸಲಾಯಿತು. ಈ ಮೂರರಲ್ಲಿಯೂ ಸಮಾನವಾದ ಅಂಶವೊಂದಿದೆ: ತಜ್ಞರು ಮತ್ತು ಊರವರು ಒಂದೇ ಕಲ್ಲಿನ ಸುತ್ತ ಸೇರಿದ್ದಾರೆ.

ವಿಭಾಗಗಳ ಪಾತ್ರ

ವಿದ್ಯಾರ್ಥಿಯ ಪ್ರೀತಿಯೊಂದನ್ನೇ ನಂಬಿ ಕೂಡುವುದು ಸರಿಯಲ್ಲ. ಅದಕ್ಕೆ ವಿಭಾಗಗಳ ಆಸರೆ ಬೇಕು. ಮೊದಲನೆಯದಾಗಿ, ಶಾಸನವನ್ನು ಆಕರವಾಗಿ ಬಳಸುವ ಪ್ರತಿಯೊಂದು ಪ್ರಬಂಧದಲ್ಲಿಯೂ ಸ್ಥಿತಿವರದಿಯೆಂಬ ಅನುಬಂಧ ಇರಬೇಕು. ಕಲ್ಲನ್ನು ನೋಡಿದ ದಿನಾಂಕ, ಅಕ್ಷಾಂಶ ರೇಖಾಂಶಗಳ ಸಹಿತ ಅದರ ನೆಲೆ, ಅಳತೆ, ಛಾಯಾಚಿತ್ರ, ಸಂಪುಟದ ಕಾಲದಿಂದ ಆಗಿರುವ ಬದಲಾವಣೆ ಇಷ್ಟು ಅದರಲ್ಲಿ ಸಾಕು. ಕಲ್ಲು ಸಿಗದಿದ್ದರೆ ಸಿಗಲಿಲ್ಲವೆಂಬುದೂ ಸಂಶೋಧನೆಯ ಫಲಿತವೇ. ಎರಡನೆಯದಾಗಿ, ಎಂ.ಎ. ಕೊನೆಯ ಹಂತದ ಕಿರುಯೋಜನೆಗಳಿಗೆ ನಗರದೊಳಗಿನ ಹಳ್ಳಿಗಳನ್ನು ಒಂದೊಂದಾಗಿ ಹಂಚಬಹುದು; ಎಂ.ಫಿಲ್. ಬಿಟ್ಟುಹೋದ ಜಾಗ ಇದರಿಂದ ಸ್ವಲ್ಪವಾದರೂ ತುಂಬೀತು. ಗೋಪನಕೊಪ್ಪದಿಂದಲೇ ಈ ಕೆಲಸ ಆರಂಭವಾಗಬಹುದು. ಮೂರನೆಯದಾಗಿ, ಓದಿದ ಶಾಸನದ ಸಾರವನ್ನು ಸರಳ ಕನ್ನಡದಲ್ಲಿ ಬರೆದು ಆ ಊರಿನ ಶಾಲೆಗೂ ಗುಡಿಯ ಸಮಿತಿಗೂ ಕೊಡಬೇಕು. ಊರಿನಿಂದ ಪಡೆದುದನ್ನು ಊರಿಗೆ ಹಿಂದಿರುಗಿಸುವ ಈ ಕ್ರಮವೇ ಅತಿ ಅಗ್ಗವಾದ, ಅತಿ ಬಾಳಿಕೆಯ ರಕ್ಷಣೆ.

ಶಾಸನ ಬರೆಸಿದವರು ಚಂದ್ರಸೂರ್ಯರಿರುವವರೆಗೆ ತಮ್ಮ ಧರ್ಮ ಸಲ್ಲಲೆಂದು ಆಶಿಸಿದರು. ಆ ಆಶಯವನ್ನು ನಡೆಸುವ ಹೊಣೆಯನ್ನು ಅರಸನೊಬ್ಬನಿಗೇ ಒಪ್ಪಿಸದೆ, ಎಷ್ಟೋ ಶಾಸನಗಳಲ್ಲಿ ಮಹಾಜನರಿಗೂ ಗಾವುಂಡರಿಗೂ ಊರಿನ ಸಮಸ್ತರಿಗೂ ಒಪ್ಪಿಸಿದರು. ಕನ್ನಡ ಸಂಶೋಧನೆ ತನ್ನನ್ನು ಆ ಸಮಸ್ತರಲ್ಲಿ ಒಬ್ಬನೆಂದು ಎಣಿಸಿಕೊಂಡರೆ, ಪದವಿ ಮುಗಿದ ಮೇಲೂ ವಿದ್ಯಾರ್ಥಿ ಅದೇ ಓಣಿಗೆ ಮತ್ತೊಮ್ಮೆ ಹೋಗಿ ಕಲ್ಲು ಇದೆಯೇ ಎಂದು ನೋಡಿಬರುವುದು ಸಂಶೋಧನೆಯ ಸಹಜ ಭಾಗವಾದೀತು. ಪಾಠ ಅಚ್ಚಾದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಪಾಲನೆ ಅಂದಿನಿಂದ ಆರಂಭವಾಗುತ್ತದೆ.